ಒಂಬತ್ತು ಹತ್ತರ ಬಸ್ಸು

ನನ್ನ ಮರೆವಿಗೆ ಕಾರಣ ನೆನಪು ಕಡಿಮೆಯಾದದ್ದಲ್ಲ, ಹೆಚ್ಚಾದದ್ದು ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಾನು ಪೆರಿಯಕುಳಂ ಬಸ್ ನಿಲ್ದಾಣದಲ್ಲಿ ಸಮಯಪಾಲಕನಾಗಿದ್ದು ನಿವೃತ್ತನಾದವನು. ನನ್ನ ಕಾಲದಲ್ಲಿ ವೇಳಾಪಟ್ಟಿ ಮೂರು ಸಲ ಬದಲಾಯಿತು. ಪ್ರತಿಸಲವೂ ಗೋಡೆಯ ಮೇಲಿನ ಹಳೆಯ ಹಲಗೆಯನ್ನು ಕಿತ್ತರು. ನನ್ನ ತಲೆಯೊಳಗಿನದನ್ನು ಕೀಳಲು ಮಾತ್ರ ಯಾರೂ ಬರಲಿಲ್ಲ. ಈಗ ಯಾರಾದರೂ ಬಸ್ಸಿನ ಹೊತ್ತು ಕೇಳಿದರೆ ಎಲ್ಲವೂ ಒಟ್ಟಿಗೆ ನೂಕಾಡುತ್ತವೆ, ತೀರ ಹಳೆಯದು ಗೆದ್ದು ಬಾಯಿಗೆ ಬರುತ್ತದೆ.

ಹೋದ ವರ್ಷ ನಿಲಕ್ಕೋಟ್ಟೈಯಿಂದ ನನ್ನ ಅಕ್ಕನ ಫೋನ್ ಬಂತು. ಜಗಳವಾಡಿಕೊಂಡು ಏಳು ವರ್ಷ ನಾವು ಮಾತು ಬಿಟ್ಟಿದ್ದೆವು. "ತಮ್ಮಾ, ನಾಳೆ ಬತ್ತೀನಿ. ಬಸ್ಸು ಎಷ್ಟೊತ್ಗೆ?" ಎಂದಳು, ನಿನ್ನೆ ತಾನೇ ಮಾತಾಡಿದವಳ ಹಾಗೆ. ಹಳೆಯ ಕೆಲಸದ ಜಂಬ ನನ್ನನ್ನು ಬಿಡಲಿಲ್ಲ. "ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅಲ್ಲಿಂದ ಬಿಡ್ತದೆ. ಸಂದೇಹವೇ ಬ್ಯಾಡ" ಎಂದೆ.

ಮರುದಿನ ನಿಲ್ದಾಣದಲ್ಲಿ ಕಾದೆ. ಒಂದಾದ ಮೇಲೊಂದು ಬಸ್ಸು ಬಂತು, ಹೂವಿನ ಮೂಟೆಗಳು ಇಳಿದವು, ಅಕ್ಕ ಇಳಿಯಲಿಲ್ಲ. ಫೋನೂ ಎತ್ತಲಿಲ್ಲ. ಮನಸ್ಸು ಬದಲಾಯಿಸಿದಳು ಎಂದುಕೊಂಡು ಮನೆಗೆ ಬಂದು ಮಲಗಿಬಿಟ್ಟೆ. ಊಟ ಬೇಡವೆಂದೆ. "ನೀವು ಹೇಳಿದ್ದು ಯಾವ ಕಾಲದ ಟೈಮು?" ಎಂದು ಹೆಂಡತಿ ಕೇಳಿದಳು. ನಾನು ಹೇಳಿದ್ದು ತೀರ ಹಳೆಯ ಹಲಗೆಯ ಹೊತ್ತು ಎಂದು ಆಗ ಹೊಳೆಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಟೊಮೇಟೊ ಗಾಡಿ ಮನೆ ಮುಂದೆ ನಿಂತಿತು. ಬಾಡಿದ ಮಲ್ಲಿಗೆಯ ಪೊಟ್ಟಣ ಹಿಡಿದು ಅಕ್ಕ ಇಳಿದಳು. ಅವಸರದಲ್ಲಿ ಫೋನನ್ನು ಮನೆಯಲ್ಲೇ ಬಿಟ್ಟಿದ್ದಳಂತೆ.

"ಅಲ್ಲಿ ಸ್ಟ್ಯಾಂಡ್ನಲ್ಲಿ ಹೂ ಮಾರೋಳು ತಮಿಳಲ್ಲಿ ಹೇಳಿದ್ಳು, 'ಅದು ನಿನ್ನು ಪಲ ವರುಷಂ ಆಚ್ಚುಮ್ಮಾ' ಅಂತ. ಆ ಬಸ್ಸು ನಿಂತೇ ಬಾಳ ವರ್ಷ ಆಯ್ತಂತೆ. ನಾ ನಂಬ್ಲಿಲ್ಲ. ನನ್ ತಮ್ಮ ಹೇಳವ್ನೆ, ಬರದೆ ಇರ್ತದಾ ಅಂತ ಕುಂತೆ. ಬೇರೆ ಬಸ್ಸು ಬಂದ್ರೂ ಹತ್ಲಿಲ್ಲ. ಕಡೆಗೆ ಈ ಗಾಡಿಯವ್ನೇ ಕರ್ಕೊಂಡ್ ಬಂದ."

ನಾನು ಅವಳ ಕೈಯ ಪೊಟ್ಟಣ ತೆಗೆದುಕೊಂಡು ಒಳಗೆ ಕರೆದೆ.

ಊಟವಾದ ಮೇಲೆ ಮೆಲ್ಲಗೆ ಕೇಳಿದೆ: "ಅಕ್ಕಾ, ನಾವು ಮಾತು ಬಿಟ್ಟಿದ್ದು ಏತಕ್ಕೆ?"

ಅವಳು ಯೋಚಿಸಿದಳು. "ಮಾವಿನ ತೋಪಿನ ಬೇಲಿಗಲ್ವಾ?"

"ಅದು ಅದಕ್ಕೂ ಮುಂಚೆ."

"ಹಂಗಾರೆ ಅವ್ವನ ಕಿವಿ ಓಲೆಗೆ?"

"ಅದು ಆವಾಗ್ಲೇ ರಾಜಿ ಆಯ್ತು."

ನಾವಿಬ್ಬರೂ ಆಡಿದ ಜಗಳಗಳು ಒಂದೆರಡಲ್ಲ. ಒಂದರ ಮೇಲೊಂದು ಬಿದ್ದು, ನಮಗೆ ಬೇಕಾದದ್ದು ಅಡಿಯಲ್ಲೆಲ್ಲೋ ಸೇರಿಹೋಗಿತ್ತು.

"ನಂಗೆ ಗೊತ್ತು. ಹೇಳ್ಲಾ?" ಎಂದಳು ಹೆಂಡತಿ.

"ಬ್ಯಾಡ" ಎಂದೆವು ಇಬ್ಬರೂ ಒಟ್ಟಿಗೆ.

ಹೆಂಡತಿ ಅಕ್ಕನನ್ನು ಬಿಟ್ಟು ನನ್ನೊಬ್ಬನ ಕಡೆಗೇ ನೋಡಿ ಸಣ್ಣಗೆ ನಕ್ಕಳು. ತಪ್ಪು ಯಾರದೆಂದು ನನಗೆ ಆಗ ತಿಳಿಯಿತು. ಅಕ್ಕನಿಗೆ ಕಾಫಿ ಮಾಡಲು ಅಂದು ನಾನೇ ಎದ್ದು ಹೋದೆ.