ಬಣ್ಣ ಕಳೆದುಕೊಂಡ ಯಾದಿ

ನಮ್ಮ ಕಾಕಾ ಕೈಗೆ ಸಿಕ್ಕ ಹುಡುಗರಿಗೆಲ್ಲ ಬಣ್ಣ ಬಳಿದಿದ್ದಾರೆ; ಹುಡುಗಿಯರನ್ನೂ ಬಿಟ್ಟಿಲ್ಲ! ಗಾಬರಿಯಾಗಬೇಡಿ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರು ಹಾನಗಲ್ಲಿನ ಮನೆಯಲ್ಲಿ ಕುಳಿತು ನಾಲ್ಕು ತಾಲೂಕಿನ ವಧು-ವರರ ಯಾದಿ ಇಟ್ಟಿದ್ದಾರೆ. ದಕ್ಷಿಣೆ ಮುಟ್ಟುವುದಿಲ್ಲ, ಪ್ರಾಣ ಮಾತ್ರ ತಿನ್ನುತ್ತಾರೆ. ಯಾದಿ ಇರುವುದು ಎಕ್ಸೆಲ್ಲಿನಲ್ಲಿ. ಒಬ್ಬೊಬ್ಬರಿಗೆ ಒಂದು ಸಾಲು, ಸಾಲಿಗೊಂದು ಬಣ್ಣ. ಯಾವ ಬಣ್ಣಕ್ಕೆ ಏನರ್ಥ ಎಂದು ಒಂದು ಮೂಲೆಯಲ್ಲಾದರೂ ಬರೆಯಬಾರದೇ ಎಂದು ಒಮ್ಮೆ ಕೇಳಿದ್ದೆ.

"ಚಿತ್ರದ ಕೆಳಗ ಅರ್ಥ ಬರೀತಾರೇನಲೇ?" ಎಂದು ಬಾಯಿ ಮುಚ್ಚಿಸಿದ್ದರು.

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಅವರ ಫೋನು ಬಂತು. "ಲಗೂನ ಬಾ. ಎಲ್ಲಾರೂ ಬೆಳ್ಳಗಾಗ್ಯಾರ!"

ಹೋಗಿ ನೋಡಿದರೆ ಇಡೀ ಯಾದಿ ಬಿಳಿಚಿಕೊಂಡು ಕೂತಿತ್ತು. ಫೈಲನ್ನು ಸಿಎಸ್‌ವಿ ಎಂಬ ನಮೂನೆಯಲ್ಲಿ ಉಳಿಸಿದ್ದರು. ಅದರಲ್ಲಿ ಅಕ್ಷರ, ಅಂಕಿ ಮಾತ್ರ ಉಳಿಯುತ್ತವೆ. ಬಣ್ಣ ಗಿಣ್ಣ ಎಲ್ಲ ಹಾರಿಹೋಗುತ್ತದೆ.

"ಇದನ್ನ ಯಾಕ ಒತ್ತಿದ್ರಿ ಕಾಕಾ?"

"ಸಿ ಅಂದ್ರ ಕಲರ್, ಎಸ್‌-ವಿ ಅಂದ್ರ ಸೇವ್. ಕಲರ್ ಸೇವ್! ಎಷ್ಟ್ ಚಂದ ಬರದಾರ ಅಂತ ಒತ್ತಿದ್ನಿ."

"ಹಳೇ ಫೈಲ್ ಎಲ್ಲೈತ್ರಿ?"

"ಎರಡೆರಡು ಯಾಕಂತ ಕಸದ ಬುಟ್ಟಿಗೆ ಹಾಕಿದ್ನಿ. ಬುಟ್ಟೀನೂ ಸ್ವಚ್ಛ ಮಾಡೇನಿ."

ಜನ್ಮದಲ್ಲಿ ಒಮ್ಮೆಯೂ ತಾವು ಕುಡಿದ ಚಹಾದ ಕಪ್ಪನ್ನು ಎತ್ತಿಡದವರು ಕಂಪ್ಯೂಟರಿನ ಕಸ ಗುಡಿಸಿದ್ದರು!

"ಭಾನುವಾರ ಹಿರೇಕೆರೂರಿನವ್ರು ಕನ್ಯಾ ನೋಡಾಕ ಬರಾಕತ್ತಾರ. ಅಷ್ಟ್ರಾಗ ಬಣ್ಣ ಬರಬೇಕು ನೋಡು. ಬೆಳ್ಳನ ಯಾದಿ ಇಟ್ಕೊಂಡು ಶುಭಕಾರ್ಯಕ್ಕ ಹೋಗಾಕ ಬರೂದಿಲ್ಲ. ಈ ಮಾತೊಂದು ಕೆಡಬಾರದು." ಯಾರ ಮನೆಯ ಕನ್ಯಾ ಎಂದು ಕೇಳಿದರೆ ಹೇಳಲಿಲ್ಲ.

ಕೆಟ್ಟದ್ದು ಬಣ್ಣ ಒಂದೇ ಅಲ್ಲ. ಶಿಗ್ಗಾವಿಯ ಹುಡುಗನೊಬ್ಬ ಐದಡಿ ಹತ್ತು ಇಂಚು ಎತ್ತರ. ಕಾಕಾ ಅದನ್ನು 5.10 ಎಂದು ಬರೆದಿದ್ದರು. ಹೊಸ ಫೈಲು ಕೊನೆಯ ಸೊನ್ನೆಯನ್ನು ನುಂಗಿ 5.1 ಮಾಡಿತ್ತು. ನಾನು ಹೋಗುವಷ್ಟರಲ್ಲಿ ಕಾಕಾ ಯಲವಿಗಿಯ ಕನ್ಯಾದವರಿಗೆ ಫೋನು ಹಚ್ಚಿ, "ಹುಡುಗ ಐದಡಿ ಒಂದಿಂಚು ಅದಾನ್ರಿ, ಆದ್ರ ಗುಣಾ ಬಂಗಾರ" ಎಂದು ಹೇಳಿ ಮುಗಿಸಿದ್ದರು. ಅವರು ಬೇಡವೆಂದಿದ್ದರು. ಒಂಬತ್ತು ಇಂಚು! ಅಷ್ಟು ಕುಗ್ಗಲು ಅವನೇನು ನೀರಿಗೆ ಹಾಕಿದ ಅಂಗಿಯೇ? ನಾನೇ ಯಲವಿಗಿಗೆ ಫೋನು ಮಾಡಿ ಅವನ ಒಂಬತ್ತು ಇಂಚನ್ನು ಮರಳಿ ಕೊಡಿಸಬೇಕಾಯಿತು.

ಹಳೆಯ ಯಾದಿಯ ಒಂದು ಪ್ರಿಂಟ್ ಸಿಕ್ಕಿತು. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸಿದ್ದು! ಕೆಂಪು, ಹಸಿರು, ಹಳದಿ ಎಲ್ಲವೂ ಅದರಲ್ಲಿ ಬೂದಿಯ ಬಣ್ಣ. ಕೊನೆಗೆ ನಾನೇ ಜಾಣತನ ತೋರಿಸಿದೆ. ನಾನು ಉಂಡುಬಂದ ಮದುವೆಗಳಿಗೆಲ್ಲ ಹಸಿರು ಬಳಿದೆ. ಮಾತು ಮುರಿದದ್ದು ಗೊತ್ತಿದ್ದಲ್ಲಿ ಕೆಂಪು. ಲೋಕದ ನಿಯಮ ಅದೇ ಅಲ್ಲವೇ?

ಕಾಕಾನ ಲೋಕದಲ್ಲಿ ಅಲ್ಲ! ಶುಕ್ರವಾರ ಹಸಿರು ಸಾಲು ಕಂಡವರೇ ಸವಣೂರಿಗೆ ಫೋನು ಹಚ್ಚಿ, "ನಿಮ್ಮ ಹುಡುಗಗ ಒಂದು ಚಂದನ ಕನ್ಯಾ ಐತ್ರಿ" ಎಂದರು. ಫೋನು ಎತ್ತಿದ್ದು ಆ ಹುಡುಗನ ಹೆಂಡತಿ. ಆ ಮದುವೆ ಮಾಡಿಸಿದವರೂ ಇವರೇ!

"ಹಂಗಾರ ನಾ ಎಲ್ಲಿಗೆ ಹೋಗ್ಲಿ ಹೇಳ್ರಿ ಮಾಸ್ತರ?" ಎಂದು ಆಕೆ ಕೇಳಿದಳು.

"ಹೆಸರರೆ ನೋಡಬೇಕಿತ್ತಲ್ರಿ ಕಾಕಾ?" ಎಂದೆ ನಾನು.

"ನಾ ಹೆಸರು ನೋಡೂದಿಲ್ಲ, ಬಣ್ಣ ನೋಡ್ತೇನಿ. ಹಸರ ಅಂದ್ರ ಇನ್ನೂ ಕಾಯಿ, ಮಾತು ಮಾಗಿಲ್ಲ. ಅರಿಶಿಣ ಅಂದ್ರ ನೋಡಾಕ ಬರಾವ್ರು ಅದಾರ. ಕೆಂಪು ಅಂದ್ರ ಕುಂಕುಮ, ಮದುವಿ ಆತು. ಇಷ್ಟೂ ತಿಳಿಯೂದಿಲ್ಲೇನು ನಿನಗ?"

ಅಂದರೆ ಮಾತು ಮುರಿದುಕೊಂಡವರಿಗೆಲ್ಲ ನಾನು ಮದುವೆ ಮಾಡಿಸಿಬಿಟ್ಟಿದ್ದೆ.

ಶನಿವಾರ ನಾನು ಬಳಿದ ಬಣ್ಣಗಳನ್ನೆಲ್ಲ ಅಳಿಸಿ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತೆವು. ನಾನು ಹೆಸರು ಓದುವುದು, ಅವರು ಬಣ್ಣ ಹೇಳುವುದು. ಹೇಳಿದರೆ ತಾನೇ! ಪ್ರತಿ ಹೆಸರಿಗೂ "ತಡಿ, ನೆನಪ ಮಾಡ್ಕೋತೇನಿ." ರಟ್ಟೀಹಳ್ಳಿಯ ಹುಡುಗಿಯೊಬ್ಬಳನ್ನು ನೆನಪು ಮಾಡಿಕೊಳ್ಳಲು ಎರಡು ಕಪ್ ಚಹಾ ಬೇಕಾಯಿತು. ನನ್ನ ತಾಳ್ಮೆ ಕೆಟ್ಟಿತ್ತು. ಸಿಟ್ಟಿನಲ್ಲೇ ಮುಂದಿನ ಸಾಲಿಗೆ ಹೋದೆ.

ಅಲ್ಲಿ ನನ್ನ ಅಕ್ಕನ ಹೆಸರಿತ್ತು.

ಭಾವ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಇನ್ನೊಂದು ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಹೆಸರು ಓದಲು ನನಗೆ ಬಾಯಿ ಬರಲಿಲ್ಲ. ಕಾಕಾ ಪರದೆಯ ಕಡೆ ನೋಡದೆಯೇ "ಅರಿಶಿಣ" ಎಂದರು.

"ಆಕಿನ್ನ ಕೇಳೀರೇನ್ರಿ ಕಾಕಾ?"

"ಕೇಳದ ಬರಿಯಾಂವ ಅಲ್ಲ ನಾ. 'ನೋಡೂಣು' ಅಂದಾಳ. ನಾಳೆ ಹಿರೇಕೆರೂರಿನವ್ರು ಬರೂದು ಆಕಿನ್ನ ನೋಡಾಕ." ಮತ್ತೆ ಹೇಳಿದರು: "ಉಳಿದವ್ರು ಬೆಳ್ಳಗಾದ್ರ ಆಗ್ಲಿ ಬಿಡು ತಮ್ಮಾ. ಆಕಿ ಸಾಲು ಬೆಳ್ಳಗಾಗಿದ್ದು ನನ್ನ ಕಡಿಂದ ನೋಡಾಕ ಆಗ್ಲಿಲ್ಲ."

ಮೂರು ದಿನ ಅವರನ್ನು ಆಡಿಕೊಂಡು ನಕ್ಕ ನನಗೆ ನಾಚಿಕೆಯಾಯಿತು. ಕಣ್ಣು ತುಂಬಿ ಪರದೆಯ ಮೇಲಿನ ಸಾಲುಗಳು ಸರಿಯಾಗಿ ಕಾಣಲಿಲ್ಲ. ಹಾಗೇ ತಡಕಾಡಿ ಹುಡುಕಿ, ನನ್ನ ಕೈಯಾರೆ ಅಕ್ಕನಿಗೆ ಅರಿಶಿಣ ಹಚ್ಚಿದೆ.