ದೊಡ್ಡಮ್ಮ ಕಟ್ಟಿಕೊಟ್ಟ ಬ್ಯಾಗು

ಸತ್ಯ ಹೇಳುವವರಿಗೆ ವಿಮಾನ ನಿಲ್ದಾಣದಲ್ಲಿ ಬೇರೆಯೇ ಒಂದು ಸಾಲು ಮಾಡಿಡಬೇಕು ಎಂಬುದು ನನ್ನ ಅಭಿಪ್ರಾಯ. ಸುಳ್ಳು ಹೇಳುವವರು ಆರಾಮವಾಗಿ ಕಿಟಕಿ ಸೀಟಿಗೆ ಹೋಗಿ ಕೂರುತ್ತಾರೆ, ನಮ್ಮಂಥವರು ವಿಚಾರಣೆಗೆ ನಿಲ್ಲುತ್ತೇವೆ. ನಾನೇನೂ ತಿಳಿಯದವನಲ್ಲ. ಒಮ್ಮೆಯೂ ವಿಮಾನ ಹತ್ತದಿದ್ದರೂ ಯೂಟ್ಯೂಬ್ ನೋಡಿ ನೋಡಿ ವಿಮಾನ ಪ್ರಯಾಣವನ್ನು ಅರೆದು ಕುಡಿದವನು. ಬೆಲ್ಟ್ ಎಲ್ಲಿ ಬಿಚ್ಚಬೇಕು, ಪವರ್ ಬ್ಯಾಂಕ್ ಎಲ್ಲಿಡಬೇಕು ಎಂದು ವಿಟ್ಲದಿಂದ ಗಲ್ಫಿಗೆ ಹೊರಟವರಿಗೆಲ್ಲ ಪುಕ್ಕಟೆ ಪಾಠ ಮಾಡಿದವನು. ಅಂಥವನನ್ನೇ ಹಿಡಿದರಲ್ಲ!

ದುಬೈಯ ಅಕ್ಕನ ಮನೆಗೆ ಹೊರಟಿದ್ದೆ. ಕೌಂಟರಿನ ಹುಡುಗಿ, "ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ?" ಎಂದಳು. "ಇಲ್ಲ, ಬೆಳ್ತಂಗಡಿ ದೊಡ್ಡಮ್ಮ" ಎಂದೆ. "ಬೇರೆಯವರು ಕೊಟ್ಟದ್ದು ಏನಾದ್ರೂ ಉಂಟಾ?" "ಎಲ್ಲ ಬೇರೆಯವರದ್ದೇ. ನನ್ನದು ಎರಡು ಪ್ಯಾಂಟ್ ಮಾತ್ರ." "ಒಳಗೆ ಎಂತ ಉಂಟು?" "ಗೊತ್ತಿಲ್ಲ." ನಮ್ಮ ಕಡೆ ಗಲ್ಫಿಗೆ ಹೋಗುವವನ ಬ್ಯಾಗು ಅವನದ್ದಲ್ಲ, ಊರಿನದ್ದು. ಕೊಟ್ಟವರ ಕಟ್ಟು ಬಿಚ್ಚಿ ನೋಡುವುದು ಮರ್ಯಾದೆಯೂ ಅಲ್ಲ. ಇದರಲ್ಲಿ ಗಾಬರಿಯಾಗುವಂಥದ್ದೇನಿದೆ, ನೀವೇ ಹೇಳಿ! ಹುಡುಗಿ ಮಾತ್ರ ಫೋನೆತ್ತಿದಳು.

ಬಂದ ಅಧಿಕಾರಿ ಬ್ಯಾಗಿನ ತಳದಿಂದ ಹಗ್ಗ ಬಿಗಿದ ಕಟ್ಟೊಂದನ್ನು ಎತ್ತಿದರು. ವಿಮಾನಕ್ಕೆ ಹೊತ್ತಾಗುತ್ತಿತ್ತು. "ದೊಡ್ಡಮ್ಮನನ್ನೇ ಕೇಳಿ ಸಾರ್" ಎಂದು ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಕಟ್ಟು ಬಿಚ್ಚುತ್ತಿದ್ದಾರೆ ಎಂದೆ.

"ಅಯ್ಯೋ, ಅದನ್ನು ಅಲ್ಲಿ ಬಿಚ್ಲಿಕ್ಕೆ ಬಿಡ್ಬೇಡ ಮಾರಾಯ! ಯಾರಿಗೂ ಗೊತ್ತಾಗ್ಬಾರ್ದು!"

ಅಧಿಕಾರಿ ಹಿಂದೆ ಸರಿದರು. ನನ್ನ ಹಿಂದಿನ ಸಾಲು ಇನ್ನೂ ಹಿಂದೆ ಸರಿಯಿತು. "ಅಮ್ಮಾ, ನಾವು ಸೆಕ್ಯೂರಿಟಿಯವರು. ಒಳಗೇನಿದೆ?" ಎಂದರು.

"ಒಣಗಿಸಿದ ಪುನರ್ಪುಳಿ ಸಿಪ್ಪೆ ಸಾರ್."

"ಅದಕ್ಯಾಕೆ ಗುಟ್ಟು?"

"ಇವನ ಅಕ್ಕನಿಗೆ ಹುಳಿ ತಿನ್ಬೇಕಂತ ಆಗ್ತದಂತೆ. ಮೂರು ತಿಂಗಳು ತುಂಬದೆ ಹೇಳುವ ಕ್ರಮ ಇಲ್ಲ ಸಾರ್. ಅವಳ ಅತ್ತೆಗೇ ಹೇಳ್ಲಿಲ್ಲ. ನೀವು ಇವನ ಹತ್ರ ಮಾತ್ರ ಹೇಳ್ಬೇಡಿ, ಇವನ ಬಾಯಲ್ಲಿ ಒಂದೂ ನಿಲ್ಲುದಿಲ್ಲ!"

ಇಡೀ ಸಾಲು ನನ್ನನ್ನು ನೋಡಿತು. ಅಕ್ಕನ ಅತ್ತೆಯ ಊರಾದ ಮೂಡುಬಿದಿರೆಯವರೇ ಒಬ್ಬರು ಮುಂದೆ ಬಂದು, "ಮಾವ ಆಗ್ತೀರಲ್ಲ, ಸ್ವೀಟ್ ಎಲ್ಲಿ?" ಎಂದು ಕೈಕುಲುಕಿದರು. ಅಧಿಕಾರಿ ಕಟ್ಟು ಬಿಚ್ಚಿ, ಮೂಸಿ, ಮತ್ತೆ ಕಟ್ಟಿ ಕೊಟ್ಟರು. ತಪ್ಪಾಯಿತು ಎಂಬ ಒಂದು ಮಾತಿಲ್ಲ! ಬದಲಿಗೆ ನನಗೇ ಬುದ್ಧಿವಾದ.

ದುಬೈಯಲ್ಲಿ ಅಕ್ಕ ಆ ಕಟ್ಟನ್ನು ಕಂಡವಳೇ ಕಿತ್ತುಕೊಂಡು, "ಒಳಗೆ ಎಂತ ಉಂಟು ಅಂತ ನೋಡಿದ್ಯಾ?" ಎಂದಳು.

"ಇಲ್ಲಕ್ಕ, ನನಗೆಂತ ಗೊತ್ತು?" ಎಂದೆ.

ಇಡೀ ಪ್ರಯಾಣದಲ್ಲಿ ನಾನು ಹೇಳಿದ್ದು ಅದೊಂದೇ ಸುಳ್ಳು. ತಕ್ಷಣ ನಂಬಿಬಿಟ್ಟಳು.