ಬಾನೆಟ್ಟಿನೊಳಗೊಂದು ಬಾಣಂತನ

ಅಳಿಯನಾದವನು ಮಾವನ ಮನೆಗೆ ನಡೆದುಕೊಂಡಾದರೂ ಹೋಗಬಹುದು, ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡಾದರೂ ಹೋಗಬಹುದು. ಹಗ್ಗ ಕಟ್ಟಿಸಿಕೊಂಡು ಮಾತ್ರ ಹೋಗಬಾರದು. ಇದು ತಾಳಗುಂದದ ಹಾಲಿನ ಡೇರಿಯ ಕಾರ್ಯದರ್ಶಿ ತಿಪ್ಪೇಶ ಅನುಭವದಿಂದ ಕಲಿತ ನೀತಿ. ಕಳೆದ ಯುಗಾದಿಗೆ ಹೆಂಡತಿ ನಾಗಶ್ರೀಯನ್ನು ಕೂರಿಸಿಕೊಂಡು ಸೊರಬದ ಮಾವನ ಮನೆಗೆ ಹೊರಟಿದ್ದ. ಊರು ಇನ್ನೇನು ಬಂತು ಎನ್ನುವಾಗ ಅವನ ಹಳೆಯ ಕಾರು ಒಂದು ಏರಿನಲ್ಲಿ ಕೆಮ್ಮಿತು, ನಿಟ್ಟುಸಿರು ಬಿಟ್ಟಿತು, ನಿಂತೇ ಹೋಯಿತು. ಭಾಮೈದ ಶರತ್ ಟ್ರ್ಯಾಕ್ಟರ್ ತಂದು, ಹಗ್ಗ ಬಿಗಿದು, ಅಳಿಯನನ್ನು ಊರಿನ ನಡುಬೀದಿಯಲ್ಲಿ ಎಳೆದುಕೊಂಡು ಹೋದ. ಜನವೆಲ್ಲ ಬಾಗಿಲಿಗೆ ಬಂದು ನಿಂತರು. ತಿಪ್ಪೇಶ ಸ್ಟೇರಿಂಗ್ ಹಿಡಿದು, ತಾನೇ ಓಡಿಸುತ್ತಿರುವವನ ಹಾಗೆ ಮುಖ ಬಿಗಿದು ಕೂತಿದ್ದ. (ಹಗ್ಗ ಕಾಣದವರಿಗಾದರೂ ಹಾಗನ್ನಿಸಲಿ ಎಂದು.)

ಅಂದಿನಿಂದ ಶರತ್ ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ.

"ಆರಾಮಾ ಭಾವ? ಹಗ್ಗ ಹೊಸ್ದು ತಂದಿಟ್ಟಿದೀನಿ. ಯಾವಾಗ ಬರ್ತೀರಿ?"

ಒಂದು ದಿನ ತಿಪ್ಪೇಶನಿಗೆ ಪಿತ್ತ ನೆತ್ತಿಗೇರಿತು. "ದೀಪಾವಳಿಗೆ ಬರ್ತೀನಿ ಕಣಪ್ಪಾ. ಟರ್ಬೊ ಗಾಡಿ ತಗಂಡು ಬರ್ತೀನಿ. ಅವತ್ತು ನಿನ್ನ ಟ್ರ್ಯಾಕ್ಟರು ನನ್ನ ಧೂಳು ಕುಡೀಬೇಕು, ತಿಳ್ಕ," ಎಂದುಬಿಟ್ಟ. ಆಡಿದ ಮಾತು, ಒಡೆದ ಮುತ್ತು. ಸಂಜೆಯೊಳಗೆ ಅದು ಅತ್ತೆ ದುರ್ಗಮ್ಮನಿಗೆ ಮುಟ್ಟಿತು, ಮಾವ ಗೋಪಾಲಪ್ಪನವರಿಗೆ ಮುಟ್ಟಿತು, ಬೀದಿಗೆ ಬೀದಿಯೇ ದೀಪಾವಳಿಗೆ ಕಾಯತೊಡಗಿತು. ಇನ್ನು ಟರ್ಬೊ ಇಲ್ಲದೆ ಸೊರಬಕ್ಕೆ ಕಾಲಿಡುವ ಹಾಗಿರಲಿಲ್ಲ.

ಹಾಲಿನ ಫ್ಯಾಟ್ ಅಳೆಯುತ್ತಿದ್ದ ಕೈ ಅಂದಿನಿಂದ ಮೊಬೈಲಿನಲ್ಲಿ ಹಾರ್ಸ್‌ಪವರ್ ಅಳೆಯತೊಡಗಿತು. ಶಿವಮೊಗ್ಗದ ಗುಜರಿಯಲ್ಲಿ, ಮುಂದಿನ ಜನ್ಮಕ್ಕೆ ಕಾಯುತ್ತ ಬಿದ್ದಿದ್ದ ಯಾವುದೋ ಕಾರಿನ ಟರ್ಬೊ ಎಂಜಿನ್ ಸಿಕ್ಕಿತು. ಆದರೆ ಬರಿಯ ಎಂಜಿನ್ ಬದಲಾಯಿಸುವುದು ಸಾಮಾನ್ಯರ ಕೆಲಸ, ಅದರ ಜೊತೆ 'ಪರ್ಫಾರ್ಮೆನ್ಸ್ ಪಾರ್ಟ್ಸ್' ಹಾಕಿಸುವುದು ರಸಿಕರ ಕೆಲಸ ಎಂದು ಮೊಬೈಲಿನ ಮಹಾಜ್ಞಾನಿಗಳು ಹೇಳಿದರು. ದಿನಕ್ಕೊಂದು ಪಾರ್ಸಲ್ ಬರತೊಡಗಿತು.

"ಇರೋ ಎಂಜಿನ್ನೇ ರಿಪೇರಿ ಮಾಡಿಸಿದ್ರೆ ಆಗಲ್ವೇನ್ರೀ?" ಎಂದಳು ನಾಗಶ್ರೀ.

"ರಿಪೇರಿ ಬೇರೆ, ಪರ್ಫಾರ್ಮೆನ್ಸ್ ಬೇರೆ ಕಣೇ. ನಿಂಗೆ ಗೊತ್ತಾಗಲ್ಲ."

"ಗೊತ್ತಾಗದೆ ಏನು? ಬೆಳಿಗ್ಗೆ ಡೇರಿಗೆ ಹೊತ್ತಾಯ್ತು ಅಂತ ಮೂರು ಸಲ ಎಬ್ಬಿಸಬೇಕು. ನಿಮ್ಮ ಪರ್ಫಾರ್ಮೆನ್ಸ್ ದಿನಾ ನೋಡ್ತಾನೇ ಇದೀನಲ್ಲ."

ಏರ್ ಫಿಲ್ಟರ್ ಬಂದಾಗ ಅವಳು ಅದನ್ನು ಬೆಳಕಿಗೆ ಹಿಡಿದು, ಕಾಫಿ ಸೋಸಲು ತೂತು ಸಣ್ಣದಾಯಿತು ಎಂದು ತೀರ್ಪು ಕೊಟ್ಟಳು. ಗಾಳಿ ತಂಪು ಮಾಡುವ ಇಂಟರ್‌ಕೂಲರಿನ ಮೇಲೆ ತಿಪ್ಪೇಶನ ತಾಯಿ ಹುಲಿಯಮ್ಮ ಸಂಡಿಗೆ ಒಣಗಿಸಲು ಹೋಗಿ ಬೈಸಿಕೊಂಡರು. ಪಾರ್ಸಲ್ಲುಗಳು ಜಗಲಿಯಲ್ಲಿ, ಅಡುಗೆಮನೆಯಲ್ಲಿ, ದೇವರ ಗೂಡಿನ ಕೆಳಗೆ ಎಲ್ಲೆಲ್ಲಿ ಜಾಗವಿತ್ತೋ ಅಲ್ಲಲ್ಲಿ ಕೂತವು.

ಶಿರಾಳಕೊಪ್ಪದ ಮೆಕ್ಯಾನಿಕ್ ಗಿರೀಶ ಬಂದು, ಅಂಗಳದ ಹುಣಸೆ ಕೊಂಬೆಗೆ ಸರಪಳಿ ಕಟ್ಟಿ, ಹಳೆಯ ಎಂಜಿನ್ನನ್ನು ಮೇಲೆತ್ತಿ ಹೊರಗಿಟ್ಟ. "ಎರಡು ದಿನ ಬಿಟ್ಟು ಬಂದು ಹೊಸದು ಕೂರಿಸ್ತೀನಿ ಸಾರ್," ಎಂದು ಹೋದ. (ಮೆಕ್ಯಾನಿಕ್ಕರ ಎರಡು ದಿನವೆಂದರೆ ಬ್ರಹ್ಮನ ಲೆಕ್ಕದ್ದು, ನಮ್ಮ ಕ್ಯಾಲೆಂಡರಿನಲ್ಲಿ ಅದನ್ನು ಹುಡುಕಬಾರದು.) ಅವನು ಮತ್ತೆ ಬಂದದ್ದು ಹಬ್ಬ ಹತ್ತಿರವಾದ ಮೇಲೆ. ಟರ್ಬೊ ಎಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು. ತಿಪ್ಪೇಶ ಕಾಯಿ ಒಡೆದು, ಕೈಮುಗಿದು, ಕಾರಿನ ಬಾನೆಟ್ ಎತ್ತಿದ.

ಒಳಗಿನಿಂದ ಏನೋ ಕೊರ್ರ್ ಎಂದು ಗುರುಗುಟ್ಟಿ ಅವನ ಹೆಬ್ಬೆರಳನ್ನು ಕುಕ್ಕಿತು.

"ಮುಚ್ಚಲೇ ಅದನ್ನ! ಗಾಳಿ ಹೊಡೀತೈತಿ!" ಎನ್ನುತ್ತ ಹುಲಿಯಮ್ಮ ಕೊಟ್ಟಿಗೆಯಿಂದ ಓಡಿಬಂದರು.

ಎಂಜಿನ್ ಇರಬೇಕಾದ ಜಾಗದಲ್ಲಿ ಅಡಿಗೊಂದು ಹಳೆಯ ಬಾಗಿಲ ಹಲಗೆ, ಹಲಗೆಯ ಮೇಲೆ ಹುಲ್ಲು ಹಾಸಿದ ಬುಟ್ಟಿ, ಬುಟ್ಟಿಯಲ್ಲಿ ಮನೆಯ ಕೆಂಪು ಕೋಳಿ ರೆಕ್ಕೆ ಅಗಲಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿತ್ತು.

"ಅವ್ವಾ, ಇದೇನಿದು?"

"ಕೋಳಿ."

"ಕೋಳಿ ಅನ್ನೋದು ಕಾಣ್ತೈತಿ! ಇಲ್ಲಿಗ್ಯಾಕೆ ಬಂತು?"

"ನಾನೇ ಕಾವಿಗೆ ಕುಂದ್ರಿಸೀನಿ. ಹೋದ ಸಲ ಹಿತ್ಲಾಗೆ ಇಟ್ರೆ ಮುಂಗುಸಿ ಬಂತು. ಅದರ ಹಿಂದ್ಲ ಸಲ ಒಳಗಿಟ್ರೆ ಬೆಕ್ಕು ಅರ್ಧ ಮರಿ ತಿಂತು. ಇಲ್ಲಿ ನೋಡು, ಮಳಿ ಬೀಳಂಗಿಲ್ಲ, ಬಿಸ್ಲು ಬಡಿಯಂಗಿಲ್ಲ, ಮುಚ್ಚಿದ್ರೆ ಬೆಕ್ಕಿನಪ್ಪನ ಕೈಲೂ ತಗ್ಯಾಕಾಗಲ್ಲ. ಇಂಥ ಗೂಡು ನಿಮ್ಮಪ್ಪನೂ ಕಟ್ಟಿರ್ಲಿಲ್ಲ."

"ಅದು ಗೂಡಲ್ಲವ್ವಾ, ಎಂಜಿನ್ ಕೂರೋ ಜಾಗ!"

"ಎಲ್ಲಿತ್ತೋ ಎಂಜಿನ್ನು? ಖಾಲಿ ಬಿದ್ದಿತ್ತು, ಕುಂದ್ರಿಸ್ದೆ. ಬೀಳುಬಿಟ್ಟ ಹೊಲದಾಗೆ ದನ ಮೇಯಾದು ತಪ್ಪಾ?"

ಹುಲಿಯಮ್ಮನಿಗೆ ಕ್ಲಚ್ ಯಾವುದು ಬ್ರೇಕ್ ಯಾವುದು ತಿಳಿಯದು. ಆದರೆ ಬಾನೆಟ್ ತೆರೆಯುವ ಹಿಡಿಕೆ ಎಲ್ಲಿದೆ ಎಂದು ಮಾತ್ರ ಕಣ್ಣುಮುಚ್ಚಿ ಹೇಳಬಲ್ಲವರಾಗಿದ್ದರು. ದಿನಾ ಬೆಳಿಗ್ಗೆ ಅದನ್ನು ಎಳೆದು, ಕೋಳಿಗೆ ಕಾಳು ನೀರು ತೋರಿಸಿ, ಮತ್ತೆ ಮುಚ್ಚಿ ಬರುತ್ತಿದ್ದರಂತೆ.

ತಿಪ್ಪೇಶ ಆಸೆಯಿಂದ ಗಿರೀಶನ ಮುಖ ನೋಡಿದ. ಗಿರೀಶ ಆಗಲೇ ಸರಪಳಿ ಇಳಿಸಿ ಎಂಜಿನ್ನನ್ನು ನೆಲಕ್ಕೆ ಕೂರಿಸುತ್ತಿದ್ದ.

"ಕಾವು ಕುಂತಿದ್ನ ಎಬ್ಬಿಸಿದ ಪಾಪ ನಂಗೆ ಬ್ಯಾಡ ಸಾರ್. ನಮ್ಮವ್ವಂಗೆ ಗೊತ್ತಾದ್ರೆ ಊಟ ಹಾಕಲ್ಲ. ಮರಿ ಆದ್ಮ್ಯಾಲೆ ಫೋನ್ ಮಾಡ್ರಿ."

ತಿಪ್ಪೇಶ ಬೆರಳು ಮಡಿಸಿ ಲೆಕ್ಕ ಹಾಕಿದ. ಮೂರು ವಾರದ ಕಾವು ಮುಗಿಯುವುದರೊಳಗೆ ಹಬ್ಬ ಬಂದುಬಿಡುತ್ತಿತ್ತು. ಮರುದಿನ ಮಧ್ಯಾಹ್ನ ತಾಯಿ ರೇಷನ್ ಅಂಗಡಿಗೆ ಹೋದದ್ದೇ ತಡ, ಮೈಗೆ ಗೋಣಿಚೀಲ ಸುತ್ತಿಕೊಂಡು, ಬುಟ್ಟಿಯನ್ನು ಕೋಳಿಸಮೇತ ಎತ್ತಿ ಒಳಕೋಣೆಗೆ ಸಾಗಿಸಿದ. ಕೋಳಿ ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡು ಹಾರಿ, ನೇರವಾಗಿ ಕಾರಿಗೆ ಹೋಗಿ ಬರಿಯ ಹಲಗೆಯ ಮೇಲೆ ಕೂತಿತು. ಮೊಟ್ಟೆ ಒಂದು ಕಡೆ, ತಾಯಿ ಒಂದು ಕಡೆ. ಬುಟ್ಟಿಯನ್ನು ತಿರುಗಿ ತಂದಿಡುವಷ್ಟರಲ್ಲಿ ಅವನ ಎರಡೂ ಮುಂಗೈ ರವೆ ಜರಡಿಯಾಗಿದ್ದವು.

ನಾಗಶ್ರೀ ಅರಿಸಿನ ಹಚ್ಚುತ್ತ ಹೇಳಿದಳು: "ಒಂದು ಕೋಳಿ ಹತ್ರ ಗೆಲ್ಲೋಕಾಗ್ಲಿಲ್ಲ. ನಮ್ಮ ಶರತ್ ಹತ್ರ ಗೆಲ್ಲೋಕೆ ಹೊರಟಿದೀರಿ."

ಸುಮ್ಮನೆ ಕೂರುವುದು ಬೇಡ, ಕನಿಷ್ಠ ಪಾರ್ಟುಗಳನ್ನಾದರೂ ಎಂಜಿನ್ನಿಗೆ ಜೋಡಿಸಿಡೋಣ ಎಂದು ಗಿರೀಶನನ್ನು ಮತ್ತೆ ಕರೆಸಿದ. ಅವನು ಸುತ್ತಿಗೆ ಎತ್ತಿದ ಕೂಡಲೇ ಹುಲಿಯಮ್ಮ, "ಸದ್ದು ಮಾಡಬ್ಯಾಡ್ರಲೇ, ಮೊಟ್ಟಿ ಗೊಡ್ಡಾಗ್ತಾವು," ಎಂದರು. ಹೀಗಾಗಿ ಆ ಮಹಾಯಂತ್ರದ ಜೋಡಣೆ ಪಿಸುಮಾತಿನಲ್ಲಿ ನಡೆಯಿತು. ಎಲ್ಲ ಕೂತ ಮೇಲೆ ಗಿರೀಶ ಕೈಚಾಚಿದ. "ವೇಸ್ಟ್‌ಗೇಟ್ ಕೊಡ್ರಿ ಸಾರ್."

ವೇಸ್ಟ್‌ಗೇಟ್ ಇರಲಿಲ್ಲ.

"ಅದಿಲ್ದೆ ಆಗಲ್ಲ. ಅಂಬ್ಲಿಗೊಳ ಡ್ಯಾಮಿಗೆ ತೂಬು ಇದ್ದಂಗೆ ಅದು. ಗಾಳಿ ಹೆಚ್ಚಾದ್ರೆ ಹೊರಗೆ ಬಿಡ್ತೈತಿ. ಇಲ್ದಿದ್ರೆ ಎಂಜಿನ್ ಒಂದು ಕಡೆ, ನೀವೊಂದು ಕಡೆ."

ತಿಪ್ಪೇಶ ಜಗಲಿ ಹುಡುಕಿದ, ಅಟ್ಟ ಹುಡುಕಿದ, ಅಕ್ಕಿ ಡ್ರಮ್ಮಿಗೆ ಕೈಹಾಕಿದ. ಪಾರ್ಸಲ್ಲಿನವನಿಗೆ ಫೋನಿನಲ್ಲಿ ಬೈದ. ಹೆಂಡತಿಯ ಮೇಲೆ ಅನುಮಾನಪಟ್ಟು ಒಂದು ಹೊತ್ತಿನ ಊಟ ಕಳೆದುಕೊಂಡ. "ಅವ್ವಾ, ವೇಸ್ಟ್‌ಗೇಟ್ ನೋಡಿದೀಯಾ?" ಎಂದರೆ ಹುಲಿಯಮ್ಮ, "ನಿನ್ನ ಸಾಮಾನು ನಾನ್ಯಾಕೆ ಮುಟ್ಲಿ? ನಂಗ ಅದರ ಹೆಸರು ಹೇಳಾಕೂ ಬರಲ್ಲ," ಎಂದರು. ಅದು ನಿಜವೂ ಆಗಿತ್ತು.

ಹಬ್ಬ ಬಂತು. ಗಂಡ ಹೆಂಡತಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತಿಪ್ಪೇಶ ಮಾವನ ಮನೆಯಲ್ಲಿ ಹೇಳಬೇಕಾದ ಮಾತನ್ನು ತುಟಿಯಲ್ಲೇ ಉರುಹೊಡೆದ. ಸುಳ್ಳು ಹೇಳುವುದು ಅವನಿಗೆ ಆಗಿಬಾರದು. ಆದ್ದರಿಂದ ಪ್ರತಿಯೊಂದು ಮಾತೂ ನಿಜವಾಗಿರುವಂತೆ, ಆದರೆ ಒಟ್ಟಿನಲ್ಲಿ ಏನೂ ತಿಳಿಯದಂತೆ ಹೆಣೆದುಕೊಂಡಿದ್ದ. ನಾಗಶ್ರೀ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅವಳ ಭುಜ ಆಗಾಗ ಅಲುಗುತ್ತಿತ್ತು. ರಸ್ತೆ ಸರಿಯಿಲ್ಲ ಎಂದುಕೊಂಡ ತಿಪ್ಪೇಶ.

ಜಗಲಿಯಲ್ಲೇ ಮಾವ ಗೋಪಾಲಪ್ಪ ಎದುರಾದರು. "ಬನ್ನಿ ಬನ್ನಿ ಅಳಿಯಂದ್ರೆ. ಗಾಡಿ ತರ್ಲಿಲ್ವಾ?"

ತಿಪ್ಪೇಶ ಗಂಟಲು ಸರಿಮಾಡಿಕೊಂಡ. "ಇಲ್ಲ ಮಾವ. ಒಳಗಡೆ ಭಾಳ ಸೂಕ್ಷ್ಮ ಕೆಲಸ ನಡೀತೈತಿ. ಈಗ ಅಲುಗಾಡಿಸಂಗಿಲ್ಲ. ಶಾಖ ಒಂದೇ ಸಮ ಇರ್ಬೇಕು. ಅವಸರ ಮಾಡಿದ್ರೆ ಎಲ್ಲಾ ಕೆಡ್ತೈತಿ."

ಗೋಪಾಲಪ್ಪ ಗಂಭೀರವಾಗಿ ತಲೆಯಾಡಿಸಿದರು. "ಹೌದು ಮತ್ತೆ. ಮೊಟ್ಟೆ ಎಷ್ಟು ಇಟ್ಟಿದೀರಿ?"

ತಿಪ್ಪೇಶ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಒಳಗೆ ಹೋಗಿದ್ದಳು. ದಿನಾ ಸಂಜೆ ತವರಿಗೆ ಅವಳ ಫೋನು ಹೋಗುತ್ತಿತ್ತೆಂಬುದು ಅವನಿಗೆ ಹೊಳೆದದ್ದೇ ಆಗ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶರತ್ ಬಂದ. ಇನ್ನು ಶುರು ಎಂದು ತಿಪ್ಪೇಶ ಕಣ್ಣುಮುಚ್ಚಿದ. ಆದರೆ ಶರತ್ ನಗಲಿಲ್ಲ, ಹತ್ತಿರ ಬಂದು ಪಕ್ಕದಲ್ಲಿ ಕೂತ.

"ಭಾವ, ಬಾನೆಟ್ ಪೂರ್ತಿ ಮುಚ್ತೀರಾ, ಸ್ವಲ್ಪ ಸಂದಿ ಬಿಡ್ತೀರಾ? ನಮ್ಮಲ್ಲಿ ಈ ವರ್ಷ ಒಂದು ಮರೀನೂ ಉಳೀಲಿಲ್ಲ ಮಾರಾಯ್ರೆ."

ಪಕ್ಕದ ಮನೆಯ ಶಕುಂತಲಮ್ಮ ಬಂದು, "ಕಾರಲ್ಲಿ ಕಾವು ಕೂರ್ಸಿದ ಅಳಿಯ ಇವರೇಯಾ?" ಎಂದು ಕಣ್ತುಂಬ ನೋಡಿ ಹೋದರು. ಹುಲ್ಲು ಭತ್ತದ್ದೋ ರಾಗಿಯದೋ? ಹಲಗೆ ಎಷ್ಟು ದಪ್ಪ? ಆ ಮನೆಯಲ್ಲಿ ಇದುವರೆಗೆ ಉಪ್ಪು ಬೇಕೋ ಬೇಡವೋ ಎಂಬುದನ್ನು ಬಿಟ್ಟು ತಿಪ್ಪೇಶನ ಅಭಿಪ್ರಾಯ ಯಾರೂ ಕೇಳಿದ್ದಿಲ್ಲ. ಮೊದಮೊದಲು ಒಂದೊಂದೇ ಮಾತಿನಲ್ಲಿ ಉತ್ತರಿಸಿದ. ಕಾಫಿ ಬರುವ ಹೊತ್ತಿಗೆ ಕಾಲುಮಡಿಸಿ ಕೂತು ಗಾಳಿಯ ಓಟದ ಬಗ್ಗೆ ವಿವರಿಸುತ್ತಿದ್ದ. ನಾಚಿಕೆಯೂ ಆಗುತ್ತಿತ್ತು, ಎದೆಯೂ ಉಬ್ಬುತ್ತಿತ್ತು.

ಹಬ್ಬದ ಮಾರನೆಯ ದಿನ ಹುಲಿಯಮ್ಮನ ಫೋನು ಬಂತು.

"ಎಲ್ಲಾ ಒಡದು ಮರಿ ಆದ್ವು ಕಣೋ ತಿಪ್ಪೇಶಿ! ಮೊನ್ನೆ ಅಷ್ಟು ಗುಡುಗಿದ್ರೂ ಒಂದೂ ಗೊಡ್ಡಾಗಿಲ್ಲ. ಗುಡುಗಿಗೆ ಕಾವಲು ಇರ್ಲಿ ಅಂತ ಮೊಟ್ಟಿ ಕೆಳಗೆ ಹುಲ್ಲಾಗೆ ಕಬ್ಬಿಣ ಹುದುಗಿಸಿಟ್ಟಿದ್ದೆ. ಜಗಲಿ ಮ್ಯಾಲೆ ಡಬ್ಬಿ ಒಳಗೆ ಬಿದ್ದಿತ್ತಲ್ಲ, ಕಿವಿ ಇರೋ ಗುಂಡು ಕಬ್ಬಿಣ? ಅದೇ. ಭಾಳ ಗುಣದ ಕಬ್ಬಿಣ ಕಣೋ!"

ತಿಪ್ಪೇಶನಿಗೆ ಬೈಯಲೂ ತೋಚಲಿಲ್ಲ, ಅಷ್ಟು ಸಂತೋಷವಾಯಿತು. ವೇಸ್ಟ್‌ಗೇಟ್ ಸಿಕ್ಕಿತು, ಕಾರೂ ಖಾಲಿಯಾಯಿತು! ಅಲ್ಲಿಂದಲೇ ಗಿರೀಶನಿಗೆ ಫೋನ್ ಮಾಡಿ, ನಾಳೆಯೇ ಬರಲು ಹೇಳಿದ. ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಇನ್ನೊಂದು ವಾರ ಮಾವ. ಟರ್ಬೊ ಗಾಡೀಲೇ ಬಂದು ನಿಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ, ನೋಡ್ತಿರಿ," ಎಂದ.

ಹೊರಡುವ ಹೊತ್ತಿಗೆ ಅಳಿಯನನ್ನು ಮಣೆಯ ಮೇಲೆ ಕೂರಿಸಿದರು. ದುರ್ಗಮ್ಮ ಕುಂಕುಮವಿಟ್ಟು, ಪಂಚೆ ಶಲ್ಯದ ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟರು. ಆಮೇಲೆ ಗೋಪಾಲಪ್ಪ ಒಳಗಿನಿಂದ ಒಂದು ಬುಟ್ಟಿ ತಂದರು. ತೌಡಿನ ನಡುವೆ ಮೊಟ್ಟೆಗಳಿದ್ದವು.

"ನಮ್ಮ ಕಪ್ಪು ಕೋಳಿದು. ಈ ತಳಿ ಈಗ ಎಲ್ಲೂ ಇಲ್ಲ. ಕೇಳಿದವರಿಗೆ ಒಂದು ಮೊಟ್ಟೆ ಕೊಟ್ಟೋನಲ್ಲ ನಾನು. ಇಲ್ಲಿ ಎರಡು ಸಲ ಇಟ್ಟೆ, ಆಗ್ಲಿಲ್ಲ. ನಿಮ್ಮ ಗಾಡಿ ಕೈಗುಣ ಒಳ್ಳೇದು ಅಳಿಯಂದ್ರೆ, ಅಲ್ಲೇ ಇಡಿಸಿ. ಮರಿ ಆದ್ಮೇಲೆ ನೋಡೋಕೆ ನಾನೇ ನಿಮ್ಮನೆಗೆ ಬರ್ತೀನಿ."

ಮದುವೆಯಾದಾಗಿನಿಂದ ಗೋಪಾಲಪ್ಪ ಅಳಿಯನ ಮನೆಯ ಹೊಸಿಲು ತುಳಿದವರಲ್ಲ. ಕರೆದಾಗಲೆಲ್ಲ ಹೊಲದ ಕೆಲಸ, ದನದ ಕೆಲಸ, ಮಂಡಿನೋವು. ಅಂಥವರು ತಾವಾಗಿಯೇ ಬರುತ್ತೇನೆ ಎನ್ನುತ್ತಿದ್ದರು. ಶರತ್ ಚಪ್ಪಲಿ ತಂದು ಭಾವನ ಕಾಲ ಮುಂದಿಟ್ಟ. ತಿಪ್ಪೇಶನ ಬಾಯಿಗೆ ಬಂದಿದ್ದ ಟರ್ಬೊ ಅಲ್ಲಿಯೇ ಕರಗಿತು. ಬುಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಬಸ್ಸಿನಲ್ಲಿ ಮೊದಲು ಮಾಡಿದ ಕೆಲಸವೆಂದರೆ ಗಿರೀಶನಿಗೆ ಫೋನ್. "ನಾಳೆ ಬರಬ್ಯಾಡ ಮಾರಾಯ. ನಾನೇ ಹೇಳ್ತೀನಿ." ನಾಗಶ್ರೀ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಡ್ರೈವರನಿಗೆ ಹಬ್ಬದ ಹುರುಪು. ಬಸ್ಸು ಒಂದು ಹೊಂಡಕ್ಕೆ ಇಳಿದು ಎದ್ದಾಗ ಜನವೆಲ್ಲ ಸೀಟಿನಿಂದ ಮೇಲೆ ಹಾರಿ ಕೂತರು. ತಿಪ್ಪೇಶ ಬುಟ್ಟಿಯನ್ನು ಎದೆಗವಚಿಕೊಂಡು ಎದ್ದು ನಿಂತ.

"ಏನ್ರೀ ಡ್ರೈವರ್ರೇ! ಯಾವ ಊರು ಮುಳುಗಿ ಹೋಗ್ತೈತಿ ಅಂತ ಈ ಸ್ಪೀಡು? ನಿಧಾನ ಓಡ್ಸಾಕೆ ಬರಲ್ವಾ ನಿಮಗೆ?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರ್ ಹತ್ತಿರ ಬಂದ. "ಅಷ್ಟು ಜೋಪಾನ ಆಗ್ಬೇಕಂದ್ರೆ ಸ್ವಂತ ಕಾರು ಇಟ್ಕೋಬೇಕು ಸಾರ್."

"ಕಾರು ಐತ್ರೀ," ಎಂದ ತಿಪ್ಪೇಶ, ಬುಟ್ಟಿಯ ತೌಡನ್ನು ಮೆಲ್ಲಗೆ ಸರಿಮಾಡುತ್ತ. "ಇವನ್ನ ಇಡಾಕೆ ಅಂತಾನೇ ಖಾಲಿ ಬಿಟ್ಟೀನಿ."